ಗೋಡೆಯ ಬಿಳಿ ಉಪ್ಪಿಗೆ ಒದ್ದೆ ಬಟ್ಟೆ ಬೇಡ

ನೆಲದಿಂದ ತೇವ ಏರಿದ ಗೋಡೆಯಲ್ಲಿ ಹತ್ತಿಯ ಹಾಗೆ ಬಿಳಿ ಉಪ್ಪು ಉಕ್ಕಿದ್ದರೆ ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಕರಗಿ ಮತ್ತೆ ಗಾರೆಯೊಳಗೇ ಇಳಿಯುತ್ತದೆ. ಒಣಗುವಾಗ ಹೊರಬಂದು ಹೊಸ ಬಣ್ಣವನ್ನೂ ಹಕ್ಕಳೆ ಹಕ್ಕಳೆಯಾಗಿ ಎಬ್ಬಿಸುತ್ತದೆ. ಕೆಳಗೆ ಹಳೇ ಪೇಪರ್ ಹಾಸಿ, ಉದುರಿದ ಪುಡಿಯನ್ನು ಆಚೆ ಹಾಕಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಧೂಳು ಜಾಸ್ತಿ. ಉಪ್ಪೋ ಬೂಷ್ಟೋ ಅನುಮಾನವಿದ್ದರೆ ಒಂದು ಚಿಟಿಕೆ ನೀರಿಗೆ ಹಾಕಿ ನೋಡಿ, ಬೂಷ್ಟು ಕರಗುವುದಿಲ್ಲ. ಬೂಷ್ಟಾದರೆ ಒಣ ಬ್ರಷ್ ಮುಟ್ಟಿಸಬೇಡಿ, ಮನೆಯೆಲ್ಲ ಹಾರುತ್ತದೆ. ಅಂದಹಾಗೆ, ಇದು ಉಪ್ಪಿಗೆ ಮದ್ದು, ನೀರಿಗಲ್ಲ. ಹೊರಗೆ ಗೋಡೆಗೆ ಒತ್ತಿಕೊಂಡು ಮಣ್ಣು ಏರಿಸಿದ್ದರೆ (ಗಿಡದ ಪಾತಿ ಮಾಡಲು ಹೋಗಿ ಹೀಗಾಗುತ್ತೆ ಅಲ್ವಾ) ಮೊದಲು ಅದನ್ನು ಒಳಗಿನ ನೆಲಕ್ಕಿಂತ ಕೆಳಗೆ ಇಳಿಸಿ. ಅಲ್ಲಿಯವರೆಗೆ ಎಷ್ಟು ಉಜ್ಜಿದರೂ ಸುಮ್ನೆ ತೋಳು ನೋವು.