ಕೇಳಬೇಕಾದದ್ದು ಮೊದಲ ಸಾಲಿನಲ್ಲೇ ಇರಲಿ: ಇಂಗ್ಲಿಷ್ ಪತ್ರ ಬರೆದ ನನ್ನ ಅನುಭವ

2023ರ ಮಳೆಗಾಲದಲ್ಲಿ, ಮುಂಬೈಯ ಮುಲುಂಡಿನ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಕುಂದಾಪುರ ಕಡೆಯ ಅಕ್ಕನೊಬ್ಬರು, ಬ್ಯಾಂಕಿಗೆಂದು ತಾವೇ ಇಂಗ್ಲಿಷಿನಲ್ಲಿ ಬರೆದ ಎರಡು ಪುಟಗಳ ಪತ್ರವನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ತೀರಿಕೊಂಡ ಯಜಮಾನರ ಎಫ್‌ಡಿಗೆ (ನಿಶ್ಚಿತ ಠೇವಣಿಗೆ) ಅವರೇ ನಾಮಿನಿ, ಅಂದರೆ ಖಾತೆದಾರರು ತೀರಿಕೊಂಡರೆ ಹಣ ಪಡೆಯಲು ಬ್ಯಾಂಕಿನಲ್ಲಿ ಹೆಸರು ಬರೆಸಿದವರು. ಆದರೂ ಶಾಖೆಯವರು ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎಂದು ಮೂರು ಬಾರಿ ಬಾಯಿಮಾತಿನಲ್ಲಿ ಹೇಳಿ ಹಿಂದಕ್ಕೆ ಕಳುಹಿಸಿದ್ದರು. ಪತ್ರದಲ್ಲಿ ಯಜಮಾನರ ಕಾಯಿಲೆ, ಆಸ್ಪತ್ರೆಯ ಖರ್ಚು, ಮಗಳ ಮದುವೆ, ಆ ಬ್ಯಾಂಕಿನೊಡನೆ ಇಪ್ಪತ್ತು ವರ್ಷಗಳ ವ್ಯವಹಾರ ಎಲ್ಲವೂ ಇದ್ದವು. ಹಣ ಕೊಡಿ ಎಂಬ ಮಾತು ಎರಡನೆಯ ಪುಟದ ಕೊನೆಯ ಸಾಲಿನಲ್ಲಿತ್ತು. ಖಾತೆಯ ಸಂಖ್ಯೆ ಎಲ್ಲಿಯೂ ಇರಲಿಲ್ಲ.

ಆ ಪತ್ರದಲ್ಲಿ ನನಗೆ ನನ್ನ ಹಳೆಯ ಬರಹವೇ ಕಂಡಿತು. 1981ರಲ್ಲಿ ಊರಿನಿಂದ ಬಂದು, ಹಗಲು ಫೋರ್ಟಿನ ಹೋಟೆಲೊಂದರಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಟೈಪಿಂಗ್ ಕಲಿತು, ಬಳಿಕ ಹಡಗು ಏಜೆನ್ಸಿಯೊಂದರಲ್ಲಿ ಗುಮಾಸ್ತನಾದವನು ನಾನು. ಅಲ್ಲಿನ ಹೆಡ್ ಕ್ಲಾರ್ಕ್ ನನ್ನ ಕರಡಿನ ಕೊನೆಯ ಸಾಲಿಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಬಾಣದ ಗುರುತು ಹಾಕಿ, ಅದನ್ನು ಮೇಲಕ್ಕೆ ಒಯ್ಯುತ್ತಿದ್ದರು. ಹೀಗೇಕೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಮ್ಮ ಅರ್ಜಿಯೂ ಹಾಗೆಯೇ, ಕಾರಣಗಳನ್ನೆಲ್ಲ ಹೇಳಿಯಾದ ಮೇಲೆ ‘ಆದ್ದರಿಂದ ತಾವು ದಯವಿಟ್ಟು’ ಎಂದು ಬೇಡಿಕೆಗೆ ಬರುತ್ತದೆ. ಕನ್ನಡದಲ್ಲಿ ಅದು ವಿನಯ. ಇಂಗ್ಲಿಷ್ ಪತ್ರವನ್ನು ಓದುವ ಅಧಿಕಾರಿ ಮಾತ್ರ ಮೊದಲ ಸಾಲಿನಲ್ಲಿ ‘ಇವರಿಗೆ ಏನು ಬೇಕು’ ಎಂದು ಹುಡುಕುತ್ತಾನೆ, ಅದು ಸಿಗದಿದ್ದರೆ ಪತ್ರವನ್ನು ಬದಿಗಿಡುತ್ತಾನೆ. ವ್ಯಾಕರಣದ ತಪ್ಪಿಗಿಂತ ಈ ಜೋಡಣೆಯ ತಪ್ಪೇ ನಮ್ಮವರ ಪತ್ರಗಳನ್ನು ಹೆಚ್ಚು ಕೆಡಿಸಿದೆ ಎಂಬುದು ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡ ಸಂಗತಿ.

ಅಕ್ಕನೊಡನೆ ಕುಳಿತು ಪತ್ರವನ್ನು ಹೊಸದಾಗಿ ಕಟ್ಟಿದೆವು. ಅವರ ವಿಳಾಸ, ದಿನಾಂಕ, ಬ್ರಾಂಚ್ ಮ್ಯಾನೇಜರರ ವಿಳಾಸ ಬರೆದ ಮೇಲೆ, ವಿಷಯದ ಸಾಲಿನಲ್ಲಿಯೇ ಠೇವಣಿಯ ಸಂಖ್ಯೆಯನ್ನೂ ಯಜಮಾನರ ಹೆಸರನ್ನೂ ಹಾಕಿದೆವು. ‘ಡಿಯರ್ ಸರ್’ ಎನ್ನುವಲ್ಲಿ ಅಕ್ಕನ ಪೆನ್ನು ನಿಂತಿತು. “ಗುರುತಿಲ್ಲದ ಗಂಡಸಿಗೆ ಡಿಯರ್ ಅಂತ ಹೇಗೆ ಬರೆಯುವುದು ಅಣ್ಣಾ?” ಎಂದು ಕೇಳಿದರು. ‘ಪ್ರಿಯ’ ಎಂಬ ಮಾತನ್ನು ಮನೆಯವರಿಗಷ್ಟೇ ಬಳಸಿ ಬೆಳೆದವರಿಗೆ ಈ ಸಂಕೋಚ ಸಹಜ, ರಾತ್ರಿಶಾಲೆಯಲ್ಲಿ ನನಗೂ ಅದು ಇತ್ತು. ಇಂಗ್ಲಿಷ್ ಪತ್ರದಲ್ಲಿ ಆ ಪದಕ್ಕೆ ನಮ್ಮ ‘ಮಾನ್ಯರೇ’ ಎನ್ನುವಷ್ಟೇ ಅರ್ಥ ಎಂದು ತಿಳಿಸಿದ ಮೇಲೆ ಬರೆದರು. ಹೆಸರಿಲ್ಲದೆ ‘ಡಿಯರ್ ಸರ್’ ಎಂದು ತೊಡಗಿದ ಪತ್ರ ‘ಯುವರ್ಸ್ ಫೇತ್‌ಫುಲಿ’ ಎಂದು ಮುಗಿಯಬೇಕು. ಹೆಸರು ಹಿಡಿದು ತೊಡಗಿದರೆ ‘ಯುವರ್ಸ್ ಸಿನ್ಸಿಯರ್ಲಿ’ ಸರಿ.

ಮೊದಲ ವಾಕ್ಯ ಹೀಗಾಯಿತು: ‘ಐ ಆಮ್ ದಿ ರಿಜಿಸ್ಟರ್ಡ್ ನಾಮಿನಿ ಆಫ್ ದಿ ಡಿಪಾಸಿಟ್ ನೇಮ್ಡ್ ಅಬೋವ್, ಆ್ಯಂಡ್ ಐ ರಿಕ್ವೆಸ್ಟ್ ಯು ಟು ಪೇ ದಿ ಅಮೌಂಟ್ ಟು ಮಿ.’ ಅಂದರೆ, ಮೇಲೆ ಹೇಳಿದ ಠೇವಣಿಗೆ ನಾನು ನೋಂದಾಯಿತ ನಾಮಿನಿ, ಹಣವನ್ನು ನನಗೆ ಕೊಡಬೇಕೆಂದು ಕೋರುತ್ತೇನೆ. ಎರಡನೆಯ ಪ್ಯಾರಾದಲ್ಲಿ ಯಜಮಾನರು ತೀರಿಕೊಂಡ ದಿನ, ಮರಣ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಕೊಟ್ಟ ದಿನ, ಶಾಖೆಗೆ ಹೋಗಿಬಂದ ಮೂರು ದಿನಾಂಕಗಳು. ಮೂರನೆಯದರಲ್ಲಿ ನಿಯಮ: ನಾಮಿನಿ ಇರುವ ಖಾತೆಗೆ, ಕೋರ್ಟಿನ ತಡೆಯಾಜ್ಞೆ ಇಲ್ಲದಿದ್ದರೆ, ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಒತ್ತಾಯಿಸಬಾರದು, ದಾಖಲೆ ಕೈಸೇರಿದ 15 ದಿನಗಳೊಳಗೆ ಹಣ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2005ರಲ್ಲಿಯೇ ಬ್ಯಾಂಕುಗಳಿಗೆ ಸೂಚಿಸಿದೆ. ಕೊನೆಗೆ, ಪ್ರಮಾಣಪತ್ರ ಬೇಕೇ ಬೇಕು ಎನ್ನುವುದಾದರೆ ಕಾರಣವನ್ನು ಬರಹದಲ್ಲಿ ತಿಳಿಸಿ ಎಂಬ ಒಂದು ವಾಕ್ಯ. ಬಾಯಲ್ಲಿ ಸುಲಭವಾಗಿ ಹೇಳಿದ್ದನ್ನು ಸಹಿ ಹಾಕಿ ಬರೆದುಕೊಡಲು ಯಾರೇ ಆಗಲಿ ಎರಡು ಬಾರಿ ಯೋಚಿಸುತ್ತಾರೆ. ಆದ್ದರಿಂದ ಇಂಥ ಪತ್ರಗಳಲ್ಲಿ ಈ ವಾಕ್ಯವನ್ನು ನಾನು ಬಿಡುವುದೇ ಇಲ್ಲ.

ಅಕ್ಕನ ಪ್ರತಿಯಲ್ಲಿದ್ದ ‘ಡೂ ದಿ ನೀಡ್‌ಫುಲ್’ ಎಂಬುದನ್ನು ತೆಗೆದೆ. ಯಾವುದು ಅಗತ್ಯವೆಂದು ನಾವು ಹೇಳದಿದ್ದರೆ ಅವರು ಏನು ಮಾಡಬೇಕು? ಕಾಯಿಲೆಯ ಪ್ಯಾರಾವನ್ನು ತೆಗೆಯುವಾಗ ಅಕ್ಕನ ಮುಖ ಸಪ್ಪಗಾಯಿತು. ಅದು ಅವರ ಬದುಕಿನ ದೊಡ್ಡ ನೋವು. ಆದರೆ ಹಣ ಸಿಗಬೇಕಾದದ್ದು ಕನಿಕರದಿಂದಲ್ಲ, ಹಕ್ಕಿನಿಂದ ಎಂದು ಹೇಳಿದಾಗ ಒಪ್ಪಿದರು.

ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆಸಿದೆ. ಏಜೆನ್ಸಿಯಲ್ಲಿದ್ದಾಗ ನಾನು ಜೂನ್ ಐದನ್ನು 5/6 ಎಂದು ಟೈಪು ಮಾಡಿ ಅಮೆರಿಕದ ಕಚೇರಿಯೊಂದಕ್ಕೆ ಕಳುಹಿಸಿದ್ದೆ. ತಿಂಗಳನ್ನು ಮೊದಲು ಬರೆಯುವ ರೂಢಿಯ ಅವರು ಅದನ್ನು ಮೇ ಆರು ಎಂದು ಓದಿಕೊಂಡರು. ಆ ಗೊಂದಲ ಬಿಡಿಸಲು ಮತ್ತೆ ಮೂರು ಪತ್ರ ಬರೆಯಬೇಕಾಯಿತು.

ಪತ್ರದಷ್ಟೇ ಮುಖ್ಯವಾದದ್ದು ಅದರ ಜೆರಾಕ್ಸ್ ಪ್ರತಿಯ ಮೇಲೆ ಬೀಳುವ ಇನ್‌ವರ್ಡ್ ಸೀಲು, ಅಂದರೆ ಪತ್ರ ಕೈಸೇರಿತು ಎಂದು ಬ್ಯಾಂಕಿನವರು ಒತ್ತುವ ಮುದ್ರೆ. ತೆಗೆದುಕೊಂಡ ದಿನಾಂಕ ಮತ್ತು ಸಹಿ ಇಲ್ಲದೆ ಕೌಂಟರು ಬಿಟ್ಟು ಬರಬೇಡಿ ಎಂದು ಹೇಳಿ ಕಳುಹಿಸಿದ್ದೆ. ಮ್ಯಾನೇಜರು ಊಟಕ್ಕೆ ಹೋಗಿದ್ದಾರೆ ಎಂದರಂತೆ. ಅಕ್ಕ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕುಳಿತು ಸೀಲು ಹಾಕಿಸಿಕೊಂಡೇ ಬಂದರು. ಸೀಲು ಕೊಡಲು ಒಪ್ಪದಿದ್ದರೆ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿರುವುದರಿಂದ ಈಗ ಸ್ಪೀಡ್ ಪೋಸ್ಟನ್ನೇ ಬಳಸುತ್ತಿದ್ದೇನೆ. ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳಾದರೂ ಉತ್ತರವಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಆಗ ದಿನ ಎಣಿಸುವುದಕ್ಕೆ ಆಧಾರ ಈ ಸೀಲು ಅಥವಾ ರಸೀದಿಯೇ.

ಅಕ್ಕನಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಪತ್ರಕ್ಕೆ ಉತ್ತರವೇನೂ ಬರಲಿಲ್ಲ. ಹನ್ನೆರಡನೆಯ ದಿನ ಹಣವೇ ಅವರ ಖಾತೆಗೆ ಬಂತು. ಪ್ರಮಾಣಪತ್ರದ ಮಾತನ್ನು ಶಾಖೆಯವರು ಮತ್ತೆ ಎತ್ತಲಿಲ್ಲ.