ಜೀರೋ ಟಿಕೆಟ್‌ನಲ್ಲಿ ಲಕ್ಕುಂಡಿ: ಗದಗದಲ್ಲಿ ಒಬ್ಬಳೇ ಎರಡು ದಿನ

ಮೈಸೂರಿನಿಂದ ಗದಗಕ್ಕೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಹುಬ್ಬಳ್ಳಿಗೆ ಹೋಗುವ ಗಾಡಿ, ಆದರೆ ಬಳ್ಳಾರಿ, ಹೊಸಪೇಟೆ, ಕೊಪ್ಪಳ ಎಲ್ಲಾ ಸುತ್ತಿಕೊಂಡು ಹೋಗುತ್ತದೆ. ಅರ್ಜೆಂಟ್ ಇರುವವರು ಬೈಯುತ್ತಾರೆ. ನನಗೆ ಅದೇ ಬೇಕಿತ್ತು. ಸ್ಲೀಪರ್‌ನಲ್ಲಿ ಮಲಗಿದರೆ ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯಿತು, ಅಲ್ವಾ? ಬೆನ್ನಿಗೆ ಒಂದು ಬ್ಯಾಗು, ಪರ್ಸಲ್ಲಿ ಎರಡೂವರೆ ಸಾವಿರ. ಗದಗದಲ್ಲಿ ಗುರುತಿನವರು ಅಂತ ಒಬ್ಬರೂ ಇರಲಿಲ್ಲ.

ಮೊದಲ ತಪ್ಪು ಅಲ್ಲೇ ಆಯಿತು. ರೂಮ್ ಬುಕ್ ಮಾಡಿರಲಿಲ್ಲ. ಊರಿಗೆ ಹೋಗಿ ನೋಡಿಕೊಂಡರೆ ಕಡಿಮೆಗೆ ಸಿಗುತ್ತೆ ಅಂದುಕೊಂಡಿದ್ದೆ. ಮೊದಲ ಲಾಡ್ಜ್‌ನಲ್ಲಿ ಕೌಂಟರಿನವರು ನನ್ನ ಹಿಂದೆ ಯಾರಾದರೂ ಬರುತ್ತಾರಾ ಅಂತ ಬಾಗಿಲ ಕಡೆ ನೋಡಿದರು. "ಒಬ್ರೇ ಏನ್ರಿ?" ಹೌದು ಅಂದೆ. "ಸಿಂಗಲ್ ಲೇಡೀಸ್‌ಗೆ ಕೊಡಂಗಿಲ್ರಿ." ಎರಡನೆಯ ಕಡೆ ಇಷ್ಟೂ ಹೇಳಲಿಲ್ಲ. ರೂಮ್ ಖಾಲಿ ಇಲ್ಲ ಅಂದರು, ಗೋಡೆಯ ಮೇಲೆ ಸಾಲಾಗಿ ಕೀಲಿಗಳು ನೇತಾಡುತ್ತಿದ್ದವು. ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ನಿಂತವಳಿಗೆ ಸಿಟ್ಟಿಗಿಂತ ಹಸಿವು ಜಾಸ್ತಿ ಆಗಿತ್ತು. ರೂಮ್ ಆಮೇಲೆ, ಮೊದಲು ಊಟ ಅಂತ ಹತ್ತಿರದ ಖಾನಾವಳಿಗೆ ನುಗ್ಗಿದೆ.

ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು. ತಟ್ಟೆಯ ಅಂಚಿಗೆ ಹಸಿ ಮೆಂತ್ಯ ಸೊಪ್ಪು ಮತ್ತು ಉಳ್ಳಾಗಡ್ಡಿ. ಹಸಿ ಸೊಪ್ಪನ್ನು ಏನು ಮಾಡಬೇಕು ಅಂತ ಗೊತ್ತಾಗದೆ ಪಕ್ಕಕ್ಕೆ ಸರಿಸಿದೆ. ಬಡಿಸುತ್ತಿದ್ದ ಅಕ್ಕ ಅದನ್ನು ನೋಡಿ, "ಅದನ್ಯಾಕ ಬಿಟ್ಟಿ ತಂಗಿ, ರೊಟ್ಟಿ ಜೋಡಿ ಕಡಕೊಂಡ್ ತಿನ್ನು" ಅಂದರು. ತಿಂದೆ. ಕಹಿ, ಖಾರ, ಶೇಂಗಾದ ಎಣ್ಣೆ ಎಲ್ಲಾ ಒಟ್ಟಿಗೆ ಬಾಯಿಗೆ ಬಂದಾಗ ಆ ಸೊಪ್ಪು ಅಲ್ಲಿ ಯಾಕಿದೆ ಅಂತ ಅರ್ಥವಾಯಿತು. ರೂಮಿನ ಕಥೆ ಹೇಳಿದೆ. "ಫ್ಯಾಮಿಲಿ ಬರೋ ಲಾಡ್ಜ್‌ನ್ಯಾಗ ಕೇಳಬೇಕವಾ" ಅಂತ ಒಂದು ದಾರಿ ಹೇಳಿದರು. ಅಲ್ಲಿ 600 ರೂಪಾಯಿಗೆ ರೂಮ್ ಸಿಕ್ಕಿತು. ಬಕೆಟ್ಟಿನಲ್ಲಿ ಬಿಸಿನೀರು, ಒಳಗಿನಿಂದ ಗಟ್ಟಿ ಚಿಲಕ. ನನಗೆ ಅಷ್ಟು ಸಾಕು. ಈಗ ಎಲ್ಲಿಗೆ ಹೋದರೂ ಹಿಂದಿನ ದಿನವೇ ಫೋನ್ ಮಾಡಿ, "ನಾನೊಬ್ಬಳೇ ಬರೋದು, ಹೆಂಗಸು, ಕೊಡ್ತೀರಾ?" ಅಂತ ನೇರವಾಗಿ ಕೇಳಿಬಿಡುತ್ತೇನೆ.

ಮಧ್ಯಾಹ್ನದ ಮೇಲೆ ಊರೊಳಗೆ ನಡೆದೇ ಸುತ್ತಿದೆ. ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಪಕ್ಕದ ಸರಸ್ವತಿ ಗುಡಿಯಲ್ಲಿ ಮೂರ್ತಿ ಭಗ್ನವಾಗಿದೆ, ಆದರೆ ಕಂಬಗಳ ಕೆತ್ತನೆ ನೋಡುತ್ತಾ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಅಲ್ಲಿಂದ ವೀರನಾರಾಯಣ ಗುಡಿ. ಕುಮಾರವ್ಯಾಸ ಕೂತು ಭಾರತ ಬರೆದ ಅಂತ ಹೇಳುವ ಕಂಬ ಇಲ್ಲಿದೆ. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಆ ಕಂಬದ ಹತ್ತಿರ ಕೂರುತ್ತಿದ್ದನಂತೆ. ಬಟ್ಟೆ ಒಣಗಿದ ಕೂಡಲೇ ಪದ್ಯ ನಿಲ್ಲುತ್ತಿತ್ತಂತೆ. ರಾತ್ರಿ ನಾನು ಒಗೆದು ಹಾಕಿದ ಚೂಡಿದಾರ ಫ್ಯಾನ್ ಗಾಳಿಗೇ ಗರಿಗರಿ ಒಣಗಿತ್ತು. ಈ ಊರಿನ ಹವೆಯಲ್ಲಿ ಹತ್ತು ಪರ್ವ ಮುಗಿಸಬೇಕಾದರೆ ಪುಣ್ಯಾತ್ಮ ಎಷ್ಟು ಸಲ ಮುಳುಗಿ ಎದ್ದಿರಬೇಕು!

ಮರುದಿನದ ಪಟ್ಟಿ ಉದ್ದ ಇತ್ತು. ಬೆಳಗ್ಗೆ ಲಕ್ಕುಂಡಿ, ಮಧ್ಯಾಹ್ನ ಬಿಂಕದಕಟ್ಟಿ ಮೃಗಾಲಯ, ಸಂಜೆಯೊಳಗೆ ಮಾಗಡಿ ಕೆರೆ. ಲಕ್ಕುಂಡಿ ಗದಗದಿಂದ ಹನ್ನೆರಡು ಕಿಲೋಮೀಟರ್ ಅಷ್ಟೇ. ಕೊಪ್ಪಳದ ಕಡೆ ಹೋಗುವ ಕೆಂಪು ಬಸ್ ಹತ್ತಿದೆ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಇಂಥ ಸರ್ಕಾರಿ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಆಧಾರ್ ತೋರಿಸಿದೆ, ಕಂಡಕ್ಟರ್ ಜೀರೋ ಟಿಕೆಟ್ ಹರಿದು ಕೊಟ್ಟರು. "ಊರೊಳಗ ಹೋಗಂಗಿಲ್ರಿ ಅಕ್ಕಾರ, ರೋಡಿನ ಮ್ಯಾಲ ಇಳೀಬೇಕು." ನಿಲ್ಲುತ್ತಾ ಅಂತ ಹತ್ತುವ ಮೊದಲೇ ಕೇಳಿಕೊಳ್ಳಿ. ನಾನು ಹತ್ತಲು ಹೋದ ಮೊದಲ ಬಸ್ ಅಲ್ಲಿ ನಿಲ್ಲುವುದಿಲ್ಲ ಅಂದಿದ್ದರು.

ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಅಂತ ಮಾತಿದೆ. ನಾನು ಎಣಿಸಲು ಹೋಗಲಿಲ್ಲ. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಹತ್ತಿರವೇ ಸಿಕ್ಕಿಹಾಕಿಕೊಂಡೆ. ದೂರದಿಂದ ಬರೀ ಬಳ್ಳಿ ಅನಿಸುತ್ತದೆ. ಮುಖ ಹತ್ತಿರ ತಂದರೆ ಬಳ್ಳಿಯ ಸುರುಳಿ ಸುರುಳಿಯೊಳಗೂ ಪುಟ್ಟ ಪುಟ್ಟ ಗೊಂಬೆಗಳು. ಬಳಪದ ಕಲ್ಲಾದ್ದರಿಂದ ಇಷ್ಟು ಸಣ್ಣ ಕೆಲಸ ಆಗಿದೆ. ಎದುರಿಗೆ ಅದೇ ಜಗಲಿಯ ಮೇಲೆ ಸೂರ್ಯನ ಗುಡಿ ಇದೆ. ಎರಡೂ ಮುಖಾಮುಖಿ. ನಡುವಿನ ನೆರಳಿನಲ್ಲಿ ಸುಮ್ನೆ ಕೂತೆ. ಮೃಗಾಲಯ ಪಟ್ಟಿಯಿಂದ ಹೋಯಿತು.

ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಊರೊಳಗೇ ನಡೆದು ಹೋಗಬಹುದು. ಒಳಗೆ ನಾಲ್ಕು ಮುಖದ ಬ್ರಹ್ಮ ನಿಂತಿದ್ದಾನೆ. ಕತ್ತಲು ಜಾಸ್ತಿ. ಕಣ್ಣು ಹೊಂದಿಕೊಳ್ಳುವವರೆಗೆ ಕಾದರೆ ಕರಿಕಲ್ಲಿನ ಹೊಳಪು ನಿಧಾನವಾಗಿ ಮೇಲೆದ್ದು ಬರುತ್ತದೆ. ಆಮೇಲೆ ಮಾಣಿಕೇಶ್ವರದ ಪಕ್ಕದ ಮುಸುಕಿನ ಬಾವಿ. ಮೆಟ್ಟಿಲ ನಡುನಡುವೆ ಗೂಡಿನಷ್ಟು ಸಣ್ಣ ಗುಡಿಗಳು. ಅಲ್ಲಿ ಕೂತು ಚಪ್ಪಲಿ ಬಿಟ್ಟ ಪಾದ ನೋಡಿಕೊಂಡೆ, ಕಲ್ಲಿನ ಕಾವಿಗೆ ಕೆಂಪಾಗಿತ್ತು. ಹೋಗುವವರು ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ.

ಮಾಗಡಿ ಕೆರೆಯೂ ತಪ್ಪಿತು. ಅದಕ್ಕೆ ಮಾತ್ರ ಹೊಟ್ಟೆ ಉರಿಯಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಫೆಬ್ರವರಿಯಲ್ಲಿ ಅಲ್ಲೇ ಇರುತ್ತವೆ. ನಾನು ಹೋದದ್ದು ಅದೇ ತಿಂಗಳು. ಆದರೆ ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಗಾಡಿ ತಪ್ಪುತ್ತಿತ್ತು.

ಖರ್ಚು ಎಲ್ಲಾ ಸೇರಿ 1,900ರ ಆಸುಪಾಸು. ಎರಡು ಕಡೆಯ ರೈಲು, ರೂಮು, ಊಟ, ಒಂದೆರಡು ಆಟೋ. ಗಾಡಿಗೆ ಮುಂಚೆ ಗದಗದಲ್ಲಿ ಒಂದು ಗಿರ್ಮಿಟ್ ಕಟ್ಟಿಸಿಕೊಂಡೆ, ಜೊತೆಗೆ ಎರಡು ಮಿರ್ಚಿ. "ಖಾರ ಕಡಿಮೆ ಹಾಕಿ ಅಣ್ಣಾ" ಅಂದೆ. "ಕಡಿಮೀನೇ ಐತ್ರಿ" ಅಂದರು. ಕೊಪ್ಪಳ ಬರುವಷ್ಟರಲ್ಲಿ ನನ್ನ ನೀರಿನ ಬಾಟಲಿ ಖಾಲಿಯಾಗಿ, ಎದುರು ಸೀಟಿನ ಅಜ್ಜಿಯ ತಂಬಿಗೆಗೂ ಕೈ ಹಾಕಿದ್ದೆ.