ಡಬಲ್ ಕ್ಲಿಕ್‌ಗೆ ಡಿಎಸ್‌ಟಿ ಫೈಲ್ ತೆರೆಯಿತು: ನನ್ನ ಅನುಭವ

ಬಳ್ಳಾರಿ ಕೌಲ್ ಬಜಾರ್‌ನಲ್ಲಿ ಜೀನ್ಸ್ ಜೇಬಿಗೆ ಎಂಬ್ರಾಯ್ಡರಿ ಹಾಕುವ ಅಂಗಡಿ ನನ್ನದು. ಮೂರು ಕಂಪ್ಯೂಟರ್ ಇವೆ, ಮೂರರಲ್ಲೂ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ, ಅಂದರೆ ವಿಂಡೋಸ್ ಬದಲು ಹಾಕುವ ಬಿಟ್ಟಿ ಸಿಸ್ಟಮ್. ಎಂಬ್ರಾಯ್ಡರಿ ಮಿಷನ್‌ಗೆ ಹೊಲಿಗೆ ಹೇಳುವ ಡಿಸೈನ್ ಫೈಲೇ ಡಿಎಸ್‌ಟಿ. ಈಗ ಯಾವ ಡಿಎಸ್‌ಟಿ ಮೇಲೆ ಡಬಲ್ ಕ್ಲಿಕ್ ಮಾಡಿದರೂ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತದೆ. ಇಷ್ಟೇನಾ ಅನ್ನಬೇಡಿ, ಇದಕ್ಕೆ ಎರಡು ತಿಂಗಳು ಹಿಡಿಯಿತು. "ಲಿನಕ್ಸ್ ಹಾಕ್ಕೊಂಡು ಎಂಬ್ರಾಯ್ಡರಿ ನಡೆಸಕ್ಕಾಗಲ್ಲಣ್ಣ, ಸುಮ್ನೆ ವಿಂಡೋಸ್‌ಗೆ ವಾಪಸ್ ಬಾ" ಅಂತ ಪಕ್ಕದ ಗಲ್ಲಿಯ ಪಂಚಿಂಗ್ (ಡಿಸೈನನ್ನು ಹೊಲಿಗೆ ಫೈಲ್ ಮಾಡುವ ಕೆಲಸ) ಹುಡುಗ ಹೇಳುತ್ತಲೇ ಇದ್ದ.

ವಾಪಸ್ ಹೋಗಲು ದುಡ್ಡು ಬೇಕಲ್ವಾ? ಲೈಸೆನ್ಸ್ ಇರುವ ಸಾಫ್ಟ್‌ವೇರ್‌ಗೆ ಒಂದು ಮಿಷನ್‌ಗೇ ಲಕ್ಷದ ಮೇಲೆ ರೇಟು ಹೇಳಿದ್ದರು. ನಾನು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ತಂದಿದ್ದು ಒಂದಕ್ಕೆ ಒಂಬತ್ತು ಸಾವಿರದ ಹಾಗೆ. ಇಂಕ್‌ಸ್ಕೇಪ್, ಅದರೊಳಗೆ ಎಂಬ್ರಾಯ್ಡರಿ ಫೈಲ್ ಓದುವ ಇಂಕ್‌ಸ್ಟಿಚ್, ಎರಡೂ ಬಿಟ್ಟಿ.

ಪೆಟ್ಟು ಬಿದ್ದಿದ್ದು ಒಂದು ರಾತ್ರಿ ಪಾಳಿಯಲ್ಲಿ. ನಮ್ಮ ಅಂಗಡಿಯ ಹುಡುಗ ಥುನಾರ್‌ನಲ್ಲಿ (ಫೋಲ್ಡರ್ ತೋರಿಸುವ ಪ್ರೋಗ್ರಾಂ) ಡಿಎಸ್‌ಟಿ ಮೇಲೆ ಬಲ ಕ್ಲಿಕ್ ಮಾಡಿ, ಗೊತ್ತಾಗದೆ ಟೆಕ್ಸ್ಟ್ ಎಡಿಟರ್ ಆರಿಸಿದ್ದಾನೆ. ಕೆಳಗಿದ್ದ "ಯಾವಾಗಲೂ ಇದರಲ್ಲೇ" ಅನ್ನೋ ಟಿಕ್ಕೂ ಹಾಕಿದ್ದಾನೆ. ಅಕ್ಷರದ ಕಸ ಬಂತು. ಮುಚ್ಚುವಾಗ ಸೇವ್ ಒತ್ತಿದ. ಫೈಲ್ ಹಾಳು. ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅದೊಂದೇ ಕಾಪಿ. 12 ಹೆಡ್ಡಿನ (ಒಟ್ಟಿಗೆ ಹನ್ನೆರಡು ಪೀಸ್ ಹೊಲಿಯುವ) ಮಿಷನ್ ಬೆಳಗಿನ ತನಕ ನಿಂತಿತು. ಕೂಲಿ, ಕರೆಂಟು, ಮತ್ತೆ ಪಂಚಿಂಗ್ ಎಲ್ಲ ಸೇರಿ ಆರು ಸಾವಿರದ ಹತ್ತಿರ ಹೋಯಿತು. ಹುಡುಗನನ್ನು ನಾನು ಬೈಯಲಿಲ್ಲ. ಒಂದು ಟಿಕ್ಕಿಗೆ ಅಷ್ಟು ಹಾಳಾಗುವ ಹಾಗೆ ಬಿಟ್ಟಿದ್ದು ನನ್ನ ತಪ್ಪು.

ಮರುದಿನ ನಾನೇ ಡಿಫಾಲ್ಟ್ (ಡಬಲ್ ಕ್ಲಿಕ್‌ಗೆ ತೆರೆಯುವ ಪ್ರೋಗ್ರಾಂ) ಬದಲಿಸಿ ಇಂಕ್‌ಸ್ಕೇಪ್ ಹಾಕಿದೆ. ಡಿಎಸ್‌ಟಿ ತೆರೆಯಿತು, ಖುಷಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಬೇರೆ ಡಿಸೈನರ್‌ಗಳು ಕಳಿಸಿದ ಗುರುತಿಲ್ಲದ ಫೈಲ್‌ಗಳೆಲ್ಲ ಇಂಕ್‌ಸ್ಕೇಪ್‌ಗೇ ನುಗ್ಗತೊಡಗಿದವು. ಹಳೇ ಕಂಪ್ಯೂಟರ್, ಒಂದೊಂದು ಸಲ ತೆರೆಯಲು ಇಪ್ಪತ್ತು ಸೆಕೆಂಡ್. ಹಳೇ ಬರಹವೊಂದನ್ನು ನೋಡಿ ಲೋಕಲ್-ಶೇರ್-ಅಪ್ಲಿಕೇಶನ್ಸ್ ಫೋಲ್ಡರ್ ಒಳಗಿನ ಮೈಮ್‌ಆ್ಯಪ್ಸ್ ಡಾಟ್ ಲಿಸ್ಟ್ ತಿದ್ದಿದೆ. ಯಾವ ವಿಧದ ಫೈಲ್ ಯಾವುದರಲ್ಲಿ ತೆರೆಯಬೇಕು ಅನ್ನೋ ಪಟ್ಟಿ ಅದು. ಏನೂ ಬದಲಾಗಲಿಲ್ಲ. ಕಾನ್ಫಿಗ್ ಫೋಲ್ಡರ್‌ನಲ್ಲಿ ಅದೇ ಹೆಸರಿನ ಇನ್ನೊಂದು ಫೈಲ್ ಇರುತ್ತದೆ, ಅದರ ಮಾತೇ ನಡೆಯುವುದು. ಪಕ್ಕದಲ್ಲಿ ಎಕ್ಸ್‌ಎಫ್‌ಸಿಇ-ಮೈಮ್‌ಆ್ಯಪ್ಸ್ ಅಂತ ಇದ್ದರೆ ಅದು ಇನ್ನೂ ಮುಂದೆ. ಇದರಲ್ಲೇ ಒಂದು ವಾರ ಹೋಯಿತು.

ಕೊನೆಗೆ ಫೈಲಿನ ವಿಧ ಹೇಳುವ ಎಕ್ಸ್‌ಡಿಜಿ-ಮೈಮ್ ಕ್ವೆರಿ ಫೈಲ್‌ಟೈಪ್ ಕಮಾಂಡ್ ಓಡಿಸಿದೆ. ಬಂದ ಉತ್ತರ ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್. ಅಂದರೆ ಈ ಕಂಪ್ಯೂಟರ್‌ಗೆ ಡಿಎಸ್‌ಟಿ ಅಂದರೆ ಏನಂತಲೇ ಗೊತ್ತಿಲ್ಲ. ಗುರುತಿಲ್ಲದ್ದನ್ನೆಲ್ಲ ಹಾಕುವ ಮೂಟೆಗೆ ನಾನು ಡಿಫಾಲ್ಟ್ ಕೊಟ್ಟಿದ್ದೆ! ಡಿಫಾಲ್ಟ್ ಆಮೇಲೆ, ಮೊದಲು ಫೈಲಿಗೊಂದು ಹೆಸರು ಬೇಕಿತ್ತು.

ಅದಕ್ಕೆ ಲೋಕಲ್-ಶೇರ್-ಮೈಮ್-ಪ್ಯಾಕೇಜಸ್ ಫೋಲ್ಡರ್ ಒಳಗೆ ಹೊಸ ವಿಧ ಹೇಳುವ ಹತ್ತು ಸಾಲಿನ ಎಕ್ಸ್‌ಎಂಎಲ್ ಫೈಲ್ ಬರೆದೆ. ವಿಧದ ಹೆಸರು ಅಪ್ಲಿಕೇಶನ್/ಎಕ್ಸ್-ತಜಿಮಾ-ಡಿಎಸ್‌ಟಿ, ಗ್ಲಾಬ್ (ಫೈಲ್ ಹೆಸರಿನ ಮಾದರಿ) ಸ್ಟಾರ್ ಡಾಟ್ ಡಿಎಸ್‌ಟಿ. ದೊಡ್ಡಕ್ಷರದ ಡಿಎಸ್‌ಟಿಗೆ ಬೇರೆ ಸಾಲು ಬೇಡ. ಆಮೇಲೆ ಅದನ್ನು ಸಿಸ್ಟಮ್‌ಗೆ ತಿಳಿಸುವ ಅಪ್‌ಡೇಟ್-ಮೈಮ್-ಡೇಟಾಬೇಸ್ ಕಮಾಂಡ್. ಇಲ್ಲಿ ಅವಸರದಲ್ಲಿ ಸುಡೋ (ಅಡ್ಮಿನ್ ಅಧಿಕಾರ) ಹಾಕಿಬಿಟ್ಟೆ. ನನ್ನ ಮನೆ ಫೋಲ್ಡರ್‌ನೊಳಗಿನ ಫೈಲ್‌ಗಳು ರೂಟ್ (ಅಡ್ಮಿನ್) ಪಾಲಾದವು, ಮುಂದಿನ ಸಲ ಪರ್ಮಿಷನ್ ಇಲ್ಲ ಅಂತು. ಚೌನ್ (ಒಡೆತನ ಬದಲಿಸುವ ಕಮಾಂಡ್) ಮಾಡಿ ಬಿಡಿಸಿಕೊಂಡೆ. ಸುಡೋ ಬೇಡವೇ ಬೇಡ. ಎಕ್ಸ್‌ಡಿಜಿ-ಮೈಮ್ ಕಮಾಂಡ್‌ನಿಂದ ಹೊಸ ವಿಧಕ್ಕೆ ಡಿಫಾಲ್ಟ್ ಕೊಟ್ಟು, ಆಕ್ಟೆಟ್-ಸ್ಟ್ರೀಮ್ ಸಾಲು ಅಳಿಸಿ, ಥುನಾರ್‌ಗೆ ಮೈನಸ್ ಕ್ಯೂ ಕೊಟ್ಟು ಪೂರ್ತಿ ಮುಚ್ಚಿ ತೆರೆದೆ. ಕಿಟಕಿ ಮಾತ್ರ ಮುಚ್ಚಿದರೆ ಅದು ಹಿಂದೆ ಬದುಕೇ ಇರುತ್ತದೆ, ಹೊಸದನ್ನು ಓದುವುದಿಲ್ಲ.

ಫೋನಿನಲ್ಲಿ ಬರುವ ಕೆಲವು ಫೈಲಿಗೆ ಬಾಲವೇ (ಹೆಸರಿನ ಕೊನೆಯ ಡಾಟ್ ಡಿಎಸ್‌ಟಿ) ಇರುವುದಿಲ್ಲ. ಡಿಎಸ್‌ಟಿಯ ತಲೆ 512 ಬೈಟ್, ಶುರುವಾಗುವುದೇ ಎಲ್, ಎ, ಕೋಲನ್‌ನಿಂದ. ಅದನ್ನು ಎಕ್ಸ್‌ಎಂಎಲ್‌ನಲ್ಲಿ ಮ್ಯಾಜಿಕ್ (ಫೈಲಿನೊಳಗಿನ ಗುರುತು) ಸಾಲಾಗಿ ಸೇರಿಸಿದೆ. ಈಗ ಬಾಲ ಇಲ್ಲದ್ದೂ ಸಿಕ್ಕಿಬೀಳುತ್ತದೆ.

ನೇರ ಇಂಕ್‌ಸ್ಕೇಪ್‌ಗೆ ಕೊಡದೆ ನಡುವೆ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದೇನೆ. ಅದು ಮೂಲ ಫೈಲನ್ನು ಮುಟ್ಟದೆ ಕಾಪಿ ತೆರೆಯುತ್ತದೆ. ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಅದು ಅಂಗಡಿಯ ಗುಟ್ಟು. ಸ್ಕ್ರಿಪ್ಟನ್ನು ಓಡಿಸುವ ಡೆಸ್ಕ್‌ಟಾಪ್ ಫೈಲಿನ ಎಕ್ಸಿಕ್ ಸಾಲಿನಲ್ಲಿ ಪರ್ಸೆಂಟ್ ದೊಡ್ಡ ಎಫ್ ಇರಲಿ, ಆಗ ಆರಿಸಿದ ಫೈಲೆಲ್ಲ ಒಂದೇ ಸಲಕ್ಕೆ ಹೋಗುತ್ತವೆ. ಚಿಕ್ಕ ಎಫ್ ಇಟ್ಟು ಹದಿನೈದು ಫೈಲ್ ಆರಿಸಿದಾಗ ಸ್ಕ್ರಿಪ್ಟ್ ಹದಿನೈದು ಸಲ ಓಡಿ ಕಂಪ್ಯೂಟರ್ ಉಸಿರು ಬಿಟ್ಟಿತ್ತು.

ಈ ವಿಧದ ಹೆಸರಿನಿಂದ ಎಣಿಸದ ಲಾಭವೂ ಬಂತು. ಪೈಥಾನ್‌ನ ಪೈಎಂಬ್ರಾಯ್ಡರಿ ಲೈಬ್ರರಿಯಿಂದ ಡಿಎಸ್‌ಟಿಯನ್ನು ಪಿಎನ್‌ಜಿ ಚಿತ್ರ ಮಾಡಿ, ಥಂಬ್‌ನೇಲರ್ (ಫೋಲ್ಡರ್‌ನಲ್ಲಿ ಸಣ್ಣ ಚಿತ್ರ ತೋರಿಸುವ) ಫೈಲಿನಲ್ಲಿ ಅದೇ ವಿಧದ ಹೆಸರು ಕೊಟ್ಟೆ. ಈಗ ಫೋಲ್ಡರ್ ತೆರೆದರೆ ಪ್ರತಿ ಜೇಬಿನ ಡಿಸೈನು ಚಿತ್ರವಾಗಿ ಕಾಣುತ್ತದೆ: ಕುದುರೆ ಲಾಳ, ರೆಕ್ಕೆ, ಜೋಡಿ ಕಮಾನು. ಡಿಎಸ್‌ಟಿಯಲ್ಲಿ ದಾರದ ಬಣ್ಣ ಇರುವುದಿಲ್ಲ, ಬಣ್ಣ ಬದಲಿಸುವ ಜಾಗ ಮಾತ್ರ. ಹಾಗಾಗಿ ಬಣ್ಣ ನಾನೇ ಕೊಟ್ಟೆ, ನಮ್ಮಲ್ಲಿ ಜಾಸ್ತಿ ಓಡುವ ತಾಮ್ರದ ಕಂದು ಮೊದಲಿಗೆ. ಹುಡುಗ ಈಗ ಫೈಲ್ ಹೆಸರು ಓದುವುದೇ ಇಲ್ಲ, ಚಿತ್ರ ನೋಡಿ ಆರಿಸುತ್ತಾನೆ.

ಪಂಚಿಂಗ್ ಹುಡುಗ ಹೋದ ವಾರ ಬಂದು, ನಿಂತು ನೋಡಿ, ಪೆನ್‌ಡ್ರೈವ್ ಚಾಚಿದ. ಎಕ್ಸ್‌ಎಂಎಲ್ ಕೊಟ್ಟೆ. ಸ್ಕ್ರಿಪ್ಟ್ ಕೊಡಲಿಲ್ಲ.